ನಿಂತಲ್ಲಿ ಆರಿಹೋಗುತ್ತಿದ್ದ ಕಾರು

ಓಡುತ್ತಿರುವವರೆಗೆ ಆ ಕಾರಿನಲ್ಲಿ ಯಾವ ತಕರಾರೂ ಇರಲಿಲ್ಲ. ನಿಲ್ಲಿಸಿದಾಗ ಮಾತ್ರ ಎಂಜಿನ್ ಆರಿಹೋಗುತ್ತಿತ್ತು. ಅದೂ ಬೆಳಗಿನ ತಂಪಿನಲ್ಲಿ ಹೊರಡುವಾಗಲ್ಲ. ಚಿಕ್ಕಬಳ್ಳಾಪುರ ಬಿಟ್ಟು ಒಂದಷ್ಟು ದೂರ ಸಾಗಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ರಸ್ತೆಯುಬ್ಬು ಬಂತೆಂದು ವೇಗ ತಗ್ಗಿಸಿದರೆ, ಕುರಿಮಂದೆ ಅಡ್ಡಬಂತೆಂದು ಬ್ರೇಕ್ ಒತ್ತಿದರೆ, ಯಾರನ್ನೋ ಹತ್ತಿಸಿಕೊಳ್ಳಲು ಬದಿಗೆ ನಿಂತರೆ, ಒಮ್ಮೆ ಮೈ ನಡುಗಿಸಿ ಸದ್ದಡಗಿಬಿಡುತ್ತಿತ್ತು. ಕೀಲಿ ತಿರುಗಿಸಿದರೆ ಮತ್ತೆ ಶುರುವಾಗುತ್ತಿತ್ತು. ಮುಂದಿನ ಉಬ್ಬಿನಲ್ಲಿ ಮತ್ತೆ ಆರುತ್ತಿತ್ತು.

ಇದು ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷಗಳ ಮಾತು. ಆಗ ನಾನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಡುವೆ ಮಹಿಳಾ ಸಂಘಗಳ ಕೆಲಸಕ್ಕೆಂದು ಬಸ್ಸಿನಿಂದ ಬಸ್ಸಿಗೆ ಬದಲಾಯಿಸುತ್ತ ಓಡಾಡುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದ ಒಂದು ನಂಬಿಕೆ ನನ್ನನ್ನು ಆ ಕೆಲಸಕ್ಕೆ ಎಳೆದು ತಂದಿತ್ತು. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಎದುರಿಗಿರುವವರು ಒಪ್ಪಲೇಬೇಕು ಎಂಬುದು ಆ ನಂಬಿಕೆ. ಊರೂರು ತಿರುಗಿದ ಮೇಲೆ ಗೊತ್ತಾದದ್ದೇನೆಂದರೆ, ಜನ ಒಪ್ಪುತ್ತಾರೆ. ಕಾಫಿ ಕೊಟ್ಟು, ಚಪ್ಪಾಳೆ ತಟ್ಟಿ, ಬಸ್ ಹತ್ತಿಸಿ ಕಳುಹಿಸುತ್ತಾರೆ. ಆಮೇಲೆ ಹಿಂದೆ ಹೇಗಿದ್ದರೋ ಹಾಗೆಯೇ ಇರುತ್ತಾರೆ. ನನ್ನ ನಂಬಿಕೆ ಆ ಹೊತ್ತಿಗೆ ಹಳೆಯ ಚಪ್ಪಲಿಯ ಅಟ್ಟೆಯಂತೆ ಸವೆದಿತ್ತು.

ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸಬೇಕೆಂದು ನಾವೊಂದು ತರಬೇತಿ ನಡೆಸಿದ್ದೆವು. ಕಲಿತವರು ಹಲವರು, ಲೈಸೆನ್ಸ್ ಪಡೆದವರು ಕೆಲವರು, ಅದರಿಂದಲೇ ಬದುಕು ನಡೆಸಲು ಹೊರಟವಳು ಒಬ್ಬಳೇ. ಆಕೆಗೆ ಮೂವತ್ತರ ಆಸುಪಾಸು. ಗಂಡ ಹೂವಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ಬೆನ್ನು ಹಿಡಿದುಕೊಂಡ ಮೇಲೆ ಅವನ ಕೆಲಸ ಇದ್ದ ದಿನ ಇತ್ತು, ಇಲ್ಲದ ದಿನ ಇರಲಿಲ್ಲ. ಆಕೆ ಒಂದು ಹಳೆಯ ಬಿಳಿ ಕಾರನ್ನು ಕೊಂಡು, ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿಯ ಕಡೆಯ ಶಾಲೆಗೆ ಹೋಗುವ ನಾಲ್ವರು ಶಿಕ್ಷಕರನ್ನು ದಿನವೂ ಕರೆದೊಯ್ದು ಕರೆತರುವ ಬಾಡಿಗೆ ಹಿಡಿದಳು. ಆ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ನಾಲ್ವರ ಪರವಾಗಿ ಮಾತಾಡುತ್ತಿದ್ದವರು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಹಿರಿಯ ಮೇಷ್ಟ್ರು.

ಒಂದು ಮಂಗಳವಾರ ಮಂಚೇನಹಳ್ಳಿಯ ಸಂಘದ ಸಭೆಗೆಂದು ನಾನೂ ಅದೇ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಹೊರಟಿದ್ದೆ. ಊರಿಂದಾಚೆ ನೀಲಗಿರಿ ತೋಪು ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಬಂದ ಮೊದಲ ಉಬ್ಬಿನಲ್ಲೇ ಎಂಜಿನ್ ಆರಿತು. ಮುಂದೊಂದು ಹಳ್ಳಿಯ ಬಸ್ ನಿಲ್ದಾಣದೆದುರು ಮತ್ತೆ. ಅಲ್ಲಿ ನಿಂತಿದ್ದ ಆಟೋದವನೊಬ್ಬ ಬೀಡಿ ಕೆಳಗಿಳಿಸಿ, "ಏಮಕ್ಕಾ, ಬಂಡಿ ನಿದ್ರಪೋಯಿಂದಾ?" ಎಂದ. ಗಾಡಿ ಮಲಗಿತೇ ಎಂದು ಅವನು ಕೇಳಿದ್ದಕ್ಕೆ ಸುತ್ತಲಿದ್ದವರು ನಕ್ಕರು. ಆಕೆ ಆ ಕಡೆ ನೋಡದೆ ಕೀಲಿ ತಿರುಗಿಸಿದಳು. ಹಿಂದೆ ಕೂತಿದ್ದ ಇಬ್ಬರು ಶಿಕ್ಷಕಿಯರು ಕಿಟಕಿಯಾಚೆ ನೋಡತೊಡಗಿದರು.

ಶಾಲೆಯ ಗೇಟು ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹಿರಿಯ ಮೇಷ್ಟ್ರು ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಕಿಟಕಿಯ ಬಳಿ ಬಗ್ಗಿದರು. ಅವರು ಕೆಟ್ಟವರಾಗಿರಲಿಲ್ಲ; ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದರಿಂದಲೇ ಆ ಮಾತು ಹೆಚ್ಚು ಭಾರವಾಗಿತ್ತು.

"ನೋಡಮ್ಮ, ನಿನ್ ಮೇಲೆ ನಮಗೇನೂ ಇಲ್ಲ. ಕ್ಲಚ್ಚು, ಆಕ್ಸಿಲೇಟರು ಎರಡೂ ಹಿಡ್ಕೊಳ್ಳೋಕೆ ಕಾಲಲ್ಲಿ ಅಂದಾಜು ಬೇಕು. ಅದು ಎಲ್ಲರಿಗೂ ಬರಲ್ಲ. ಶನಿವಾರದವರೆಗೆ ನೋಡ್ತೀವಿ. ಆಮೇಲೆ ಟ್ಯಾಕ್ಸಿ ಸ್ಟಾಂಡಿನ ಹುಡುಗನಿಗೆ ಹೇಳ್ಬಿಡ್ತೀವಿ."

ಆಕೆ "ಆಯ್ತು ಸಾರ್" ಎಂದಳು. ನನ್ನ ನಾಲಗೆಯ ತುದಿಯಲ್ಲಿ ಒಂದು ಭಾಷಣವೇ ಸಿದ್ಧವಿತ್ತು. ಆಕೆ ಕನ್ನಡಿಯಲ್ಲಿ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದ್ದರಿಂದ ಅದು ಅಲ್ಲಿಯೇ ಉಳಿಯಿತು.

ಚಿಕ್ಕಬಳ್ಳಾಪುರದಲ್ಲಿ ಆಕೆ ಕಾರು ತೋರಿಸುತ್ತಿದ್ದ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರನೆಂದೇ ಹೆಸರಾಗಿದ್ದ. ಆ ವಾರದಲ್ಲೇ ಒಂದು ಸಂಜೆ ನಾನೂ ಜೊತೆಗೆ ಹೋದೆ. ಅವನು ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದ, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದ, ಗಾಳಿಯ ಫಿಲ್ಟರ್ ತಟ್ಟಿ ಧೂಳು ಉದುರಿಸಿದ. ಆಮೇಲೆ ತಾನೇ ಓಡಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿ ಬಂದ. ಒಂದು ಸಲವೂ ಎಂಜಿನ್ ಆರಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ಗಾಡಿಯಲ್ಲಿ ಏನೂ ಇಲ್ಲವೆಂದೂ, ಇದ್ದರೆ ಓಡಿಸುವವರ ಕಾಲಿನಲ್ಲಿರಬೇಕೆಂದೂ ತೀರ್ಪು ಕೊಟ್ಟ. ಬೇಕಾದರೆ ಸ್ಲೋ ಜಾಸ್ತಿ ಮಾಡಿಕೊಡುತ್ತೇನೆಂದು, ನಿಂತಾಗ ಎಂಜಿನ್ ಎಷ್ಟು ತಿರುಗಬೇಕೆಂಬುದನ್ನು ನಿಗದಿಮಾಡುವ ತಿರುಪನ್ನು ಏರಿಸಿಯೂ ಕೊಟ್ಟ. ಮಾರನೆಯ ದಿನ ಕಾರು ನಿಂತಲ್ಲಿ ಹಿಟ್ಟಿನ ಗಿರಣಿಯಂತೆ ಅರಚಿತು, ಎಂದಿಗಿಂತ ಹೆಚ್ಚು ಪೆಟ್ರೋಲ್ ಕುಡಿಯಿತು, ಬಿಸಿಯಾದ ಮೇಲೆ ಆಗಲೂ ಆರಿತು.

ಮೆಕ್ಯಾನಿಕ್ ಊರೆಲ್ಲ ಸುತ್ತಿದಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಎಂಜಿನ್ನಿನ ವಿಷಯ ನನಗೆ ಗೊತ್ತಿರಲಿಲ್ಲ. ಎದುರಾಳಿಯ ಮಾತಿನಲ್ಲಿ ಬಿಟ್ಟುಹೋದದ್ದು ಯಾವುದೆಂದು ಹುಡುಕುವ ಅಭ್ಯಾಸ ಮಾತ್ರ ಇತ್ತು. ಮನೆಗೆ ಬಂದು ಯೋಚಿಸುವಾಗ ಒಂದು ಸಂಗತಿ ಹೊಳೆಯಿತು. ಅವನು ಎಲ್ಲಿ ನಿಂತರೂ ಬಲಗಾಲಿನ ತುದಿಯಿಂದ ಆಕ್ಸಿಲೇಟರನ್ನು ಸಣ್ಣಗೆ ಕುಟ್ಟುತ್ತಲೇ ಇದ್ದ. ಗ್ಯಾರೇಜಿನವರಿಗೆ ಅದು ಉಸಿರಾಟದಷ್ಟು ಸಹಜ. ಅಂದರೆ ಅವನು ಆ ಎಂಜಿನ್ನನ್ನು ತನ್ನಷ್ಟಕ್ಕೆ ತಾನು ನಿಲ್ಲಲು ಒಮ್ಮೆಯೂ ಬಿಟ್ಟಿರಲಿಲ್ಲ. ಪರೀಕ್ಷೆಯೇ ನಡೆಯದೆ ತೀರ್ಪು ಹೊರಬಿದ್ದಿತ್ತು. ಆಕೆಯಾದರೋ ತರಬೇತಿಯಲ್ಲಿ ಕಲಿಸಿದಂತೆ, ಪೆಟ್ರೋಲ್ ಉಳಿಸಲು, ನಿಂತಾಗ ಕಾಲನ್ನು ಪೂರ್ತಿ ತೆಗೆಯುತ್ತಿದ್ದಳು. ಸರಿಯಾಗಿ ಓಡಿಸುವವರ ಕೈಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷ ಅದಾಗಿತ್ತು.

ಶುಕ್ರವಾರ ಆಕೆಯ ಮನೆಗೆ ಹೋದೆ. ಬುದ್ಧನ ಚಿತ್ರದ ಕೆಳಗೆ ಚಾಪೆ ಹಾಸಿ ಕೂರಿಸಿದಳು. ಗಂಡ ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತಿದ್ದ. ಯಾವಾಗ ಆರುತ್ತದೆ ಎಂದು ಎಲ್ಲರೂ ಕೇಳಿಯಾಗಿತ್ತು. ಯಾವಾಗ ಆರುವುದಿಲ್ಲ ಎಂದು ನಾನು ಕೇಳಿದೆ. ಆಕೆ ಒಂದೊಂದಾಗಿ ಹೇಳಿದಳು. ತಣ್ಣಗಿದ್ದಾಗ ಆರುವುದಿಲ್ಲ. ಓಡುವಾಗ ಆರುವುದಿಲ್ಲ. ಬಿಸಿಯಾದ ಮೇಲೂ ಚೋಕ್ ಗುಂಡಿಯನ್ನು ಚೂರು ಎಳೆದಿಟ್ಟುಕೊಂಡರೆ, ಹೊಗೆ ಬಂದರೂ, ಆರುವುದಿಲ್ಲ. ಚೋಕ್ ಎಳೆದರೆ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚು, ಗಾಳಿಯ ಪಾಲು ಕಡಿಮೆ ಎಂಬುದನ್ನು ಆಕೆಯೇ ವಿವರಿಸಿದಳು. ಹಾಗಿದ್ದರೆ, ನಿಂತಾಗ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಇಲ್ಲವೇ ಬೇಡದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ. ಪೆಟ್ರೋಲ್ ಬರುವ ದಾರಿಯನ್ನೆಲ್ಲ ತೊಳೆದಾಗಿತ್ತು. ಉಳಿದದ್ದು ಎರಡನೆಯ ಪಕ್ಷ.

"ಇನ್ನೊಂದು ಅಕ್ಕ," ಎಂದಳು. "ಆರೋ ಹೊತ್ನಲ್ಲಿ ಬ್ರೇಕು ಕಲ್ಲಿನ ಥರ ಆಗ್ಬಿಡುತ್ತೆ. ಮೆಟ್ಟಿ ನಿಂತ್ಕೋಬೇಕು. ನಾನು ದಣಿದಿದೀನೇನೋ, ಕಾಲು ಸೋತಿದೆಯೇನೋ ಅಂದ್ಕೊಂಡಿದ್ದೆ."

"ಮೆಕ್ಯಾನಿಕ್‌ಗೆ ಹೇಳಿದ್ಯಾ?"

"ಕಾಲಲ್ಲೇ ಅಂದಾಜಿಲ್ಲ ಅಂತಾರೆ. ಕಾಲು ನೋಯುತ್ತೆ ಅಂತ ನಾನೇ ಹೋಗಿ ಹೇಳ್ಲಾ?"

ಗಂಡ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಆಕೆಯನ್ನು ನೋಡಿದ.

ಶನಿವಾರ ಮೇಷ್ಟ್ರು ಗಡುವನ್ನು ಸೋಮವಾರಕ್ಕೆ ಮುಂದೂಡಿದರು. ಸ್ಟಾಂಡಿನ ಹುಡುಗನಿಗೆ ಯಾವುದೋ ಮದುವೆಯ ಬಾಡಿಗೆ ಸಿಕ್ಕಿತ್ತಂತೆ. ಕರುಣೆಯಿಂದ ಸಿಗದ ಅವಕಾಶ ಹೀಗೆ ಸಿಕ್ಕಿತು.

ಭಾನುವಾರ ಇಬ್ಬರೇ ಕಾರು ತೆಗೆದುಕೊಂಡು ಮುದ್ದೇನಹಳ್ಳಿಯ ಕಡೆ ಹೊರಟೆವು. ಎಂಜಿನ್ ಬಿಸಿಯಾಗಬೇಕಿತ್ತು, ಸುತ್ತ ನಗುವವರಿರಬಾರದಿತ್ತು. ಅಷ್ಟೇ ಆ ದಾರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ. ದ್ರಾಕ್ಷಿ ತೋಟವೊಂದರ ಬೇಲಿಯ ಪಕ್ಕ ನಿಲ್ಲಿಸಿದಾಗ ಎಂದಿನಂತೆ ನಡುಗಿ ಆರಿತು. ಬಾನೆಟ್ ಎತ್ತಿದೆವು. ಆಕೆ ಒಳಗೆ ಕೂತು ಮತ್ತೆ ಸ್ಟಾರ್ಟ್ ಮಾಡಿ, ಆರದಷ್ಟು ಮಾತ್ರ ಕಾಲೂರಿ ಹಿಡಿದಳು. ನಾನು ಕಿವಿಯಿಟ್ಟೆ. ಎಂಜಿನ್ನಿನ ಸದ್ದಿನ ನಡುವೆ ಸಣ್ಣದೊಂದು ಸಿಳ್ಳು ಕೇಳಿದಂತಾಯಿತು. ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಜಾಗ ಬದಲಾಯಿಸಿದೆವು. ನಾನು ಕಾಲೂರಿ ಕೂತೆ, ಆಕೆ ಬಗ್ಗಿದಳು.

ಎಂಜಿನ್ನಿನಿಂದ ಬ್ರೇಕಿನ ಕಡೆಗೆ ಒಂದು ದಪ್ಪ ರಬ್ಬರ್ ಪೈಪು ಹೋಗುತ್ತಿತ್ತು. ಎಂಜಿನ್ ಗಾಳಿ ಹೀರುವ ಬಲವನ್ನೇ ಬ್ರೇಕಿಗೂ ಸ್ವಲ್ಪ ಕಡ ಕೊಡುವ ಪೈಪು ಅದು. ಕಾಲಿಗೆ ಬ್ರೇಕ್ ಹಗುರವಾಗುವುದು ಅದರಿಂದ. ಬ್ರೇಕ್ ಕಲ್ಲಾಗುತ್ತದೆಂದು ಆಕೆ ಹೇಳಿದ್ದರಿಂದ ಮೊದಲು ಅದನ್ನೇ ನೋಡಬೇಕೆಂದು ಮಾತಾಡಿಕೊಂಡಿದ್ದೆವು. ಆಕೆ ಸೆರಗನ್ನು ಕೈಗೆ ಸುತ್ತಿಕೊಂಡು, ಎಂಜಿನ್ನಿಗೆ ಸೇರುವ ತುದಿಯನ್ನು ಬಿಗಿಯಾಗಿ ಹಿಸುಕಿ ಹಿಡಿದಳು. ಸದ್ದು ಬದಲಾಯಿತು. ಕಾಲು ತೆಗೆಯುವಂತೆ ಸನ್ನೆ ಮಾಡಿದಳು. ತೆಗೆದೆ. ಎಂಜಿನ್ ಆರಲಿಲ್ಲ; ತನ್ನಷ್ಟಕ್ಕೆ ಒಂದೇ ಸಮನೆ ತಿರುಗುತ್ತಿತ್ತು. ಕೈ ಸಡಿಲಿಸಿದಳು, ನಡುಗಿ ಆರಿತು. ಮತ್ತೆ ಸ್ಟಾರ್ಟ್ ಮಾಡಿ, ಮತ್ತೆ ಹಿಡಿದು, ಮತ್ತೆ ಬಿಟ್ಟು ನೋಡಿದೆವು. ಸಂಶಯಕ್ಕೆ ಎಡೆಯಿರಲಿಲ್ಲ.

ನಾನು ಇಳಿದು ಓಡಿಬಂದೆ. ಇಷ್ಟು ಸ್ವಚ್ಛವಾದ ಗೆಲುವನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ. ಆದರೆ ಆಕೆಯ ಮುಖದಲ್ಲಿ ಗೆಲುವಿರಲಿಲ್ಲ. ಪೈಪಿನ ತುದಿಯ ಮೇಲೆ ಎಣ್ಣೆ, ಧೂಳು ಹಿಡಿದು ಕಪ್ಪಾದ ಒಂದು ಕಟ್ಟು ಇತ್ತು. ನೋಡಿದವರಿಗೆ ಹಳೆಯ ಟೇಪಿನಂತೆ ಕಾಣುತ್ತಿತ್ತು; ಮೆಕ್ಯಾನಿಕ್ಕೂ ಹಾಗೆಯೇ ತಿಳಿದಿದ್ದಿರಬೇಕು. ಆಕೆ ಉಗುರಿನಿಂದ ಅದರ ಅಂಚನ್ನು ಎತ್ತಿದಳು. ಒಳಗಿನ ಎಳೆ ಹಳದಿ ಬಿಳುಪಾಗಿ ಹೊಳೆಯಿತು. ಅದು ರೇಷ್ಮೆ.

"ನಮ್ಮಣ್ಣನ ಕಟ್ಟು," ಎಂದಳು.

ಆಕೆಯ ಅಣ್ಣ ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಡೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಬಿಸಿನೀರಿನ ಪೈಪು ಎಲ್ಲಾದರೂ ಸೋರಿದರೆ, ನೂಲಿಗೆ ಬಾರದೆ ಉಳಿದ ಒರಟು ರೇಷ್ಮೆಯನ್ನು ಒದ್ದೆ ಮಾಡಿ ಬಿಗಿಯಾಗಿ ಸುತ್ತಿಬಿಡುತ್ತಿದ್ದರಂತೆ. ಹಸಿ ರೇಷ್ಮೆಯಲ್ಲಿ ಅದರದೇ ಅಂಟಿರುತ್ತದೆ. ಸುತ್ತಿದ್ದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳ ಹಿಂದೆ ಈ ಪೈಪಿನ ತುದಿ ಸೀಳಿದ್ದನ್ನು ಕಂಡು, ಅವನೇ ಒಂದು ಮಧ್ಯಾಹ್ನ ಕೂತು ಹಾಗೆ ಕಟ್ಟಿಕೊಟ್ಟಿದ್ದ. ನಮ್ಮ ಬಾಯ್ಲರನ್ನೇ ತಡೆದದ್ದು ನಿನ್ನ ಕಾರನ್ನು ತಡೆಯುವುದಿಲ್ಲವೇ ಎಂದು ನಕ್ಕಿದ್ದನಂತೆ.

ನೂಲು ತೆಗೆಯುವ ಮನೆಯಲ್ಲಿ ಆ ಕಟ್ಟು ಒಣಗಲು ಪುರುಸೊತ್ತೇ ಇರುವುದಿಲ್ಲ. ಸದಾ ಹಬೆ, ಸದಾ ನೀರು. ಎಳೆ ನೀರು ಕುಡಿದು ಉಬ್ಬಿಕೊಂಡೇ ಇರುತ್ತದೆ. ಎಂಜಿನ್ನಿನ ಪಕ್ಕದಲ್ಲಿರುವುದು ಒಣ ಬಿಸಿ. ಒಣಗಿ ಕುಗ್ಗಿದ ರೇಷ್ಮೆ ಸೀಳಿನ ಮೇಲಿಂದ ಸರಿದು, ಗಾಳಿ ನುಸುಳುವಷ್ಟು ಸಂದು ಬಿಡುತ್ತಿತ್ತು. ಓಡುವಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯ ಮುಂದೆ ಅಷ್ಟು ಸಂದು ಲೆಕ್ಕಕ್ಕಿರಲಿಲ್ಲ. ನಿಂತಾಗ ಅದೇ ಉಸಿರು ಕಟ್ಟಿಸುತ್ತಿತ್ತು. ಬೆಳಿಗ್ಗೆ ಇಬ್ಬನಿಗೆ ಎಳೆ ಮತ್ತೆ ಮೆತ್ತಗಾಗಿರುತ್ತಿತ್ತು, ಉಳಿದದ್ದನ್ನು ಚೋಕ್ ಮುಚ್ಚಿಹಾಕುತ್ತಿತ್ತು. ಶಿಡ್ಲಘಟ್ಟದಲ್ಲಿ ದಿನವೂ ಸರಿಯಾಗಿದ್ದ ಕೆಲಸ ಇಲ್ಲಿ ಹೀಗೆ ತಪ್ಪಾಗಿತ್ತು.

ತೋಟದ ಬೇಲಿಯ ಪಕ್ಕ ನಿಂತೇ ನಾನು ಸೋಮವಾರದ ಮಾತನ್ನು ಜೋಡಿಸತೊಡಗಿದೆ. ಆ ಕಟ್ಟನ್ನು ಬಿಚ್ಚಿ ಮೇಷ್ಟ್ರ ಕೈಗೇ ಕೊಡಬೇಕು. ಕಾಲಿನ ಅಂದಾಜಿನ ಮಾತನ್ನು ಅವರು ಎಲ್ಲರೆದುರು ಹಿಂತೆಗೆದುಕೊಳ್ಳಬೇಕು. ದೋಷ ಹೆಣ್ಣಿನದಲ್ಲ, ಪೈಪಿನದು ಎಂಬುದು ಆ ಆಟೋದವನ ಕಿವಿಗೂ ಬೀಳಬೇಕು. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು.

"ಬೇಡ ಅಕ್ಕ."

"ಯಾಕಮ್ಮ ಬೇಡ? ಇಷ್ಟು ದಿನ ನಿನ್ನ ತಲೆಗೆ ಕಟ್ಟಿದ್ದಾರಲ್ಲ?"

"ಆ ರೇಷ್ಮೆ ಕಟ್ಟಿದ್ಯಾರು ಅಂತ ಕೇಳ್ತಾರೆ. ಈ ಕಾರು ತಗೋತೀನಿ ಅಂದಾಗ ನಮ್ಮನೇಲಿ, ಅತ್ತೆಮನೇಲಿ, ಯಾರೂ ಹೂಂ ಅನ್ಲಿಲ್ಲ. ಅವನೊಬ್ಬ ಅಂದ. ಅವನ ಕೈಯಿಂದ್ಲೇ ನನ್ ಬಾಡಿಗೆ ಹೋಗ್ತಿತ್ತು ಅಂತ ಗೊತ್ತಾದ್ರೆ ಅವನು ಇನ್ನೊಂದ್ ಸಲ ಈ ಕಾರಿನ ಹತ್ರ ಬರಲ್ಲ."

"ಹಾಗಾದರೆ ತಪ್ಪು ನಿನ್ನ ಮೇಲೇ ಉಳಿಯುತ್ತೆ ಕಣಮ್ಮ."

"ಉಳಿಯಲಿ ಬಿಡಿ. ಬಾಡಿಗೆ ಉಳಿದ್ರೆ ಸಾಕು."

ಇದಕ್ಕೆ ಪ್ರತಿವಾದವಿತ್ತು, ಈಗಲೂ ಇದೆ ಎಂದೇ ನನ್ನ ಅಭಿಪ್ರಾಯ. ಒಬ್ಬಳ ಮೌನದಿಂದ ಉಳಿದ ಹೆಂಗಸರ ದಾರಿ ಕಿರಿದಾಗುತ್ತದೆ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ, ಅದನ್ನು ನಂಬಿಯೂ ಇದ್ದೆ. ಆದರೆ ಮರುದಿನ ಬೆಳಿಗ್ಗೆ ಆ ಕಾರನ್ನು ಓಡಿಸಬೇಕಾದವಳು ಆಕೆ. ನಾನು ಬಾನೆಟ್ ಇಳಿಸಿದೆ. ನನ್ನ ಕೈಗಳಿಗೆ ಮಸಿ ಹತ್ತಿತ್ತು, ಬಿಸಿಲು ನೆತ್ತಿಗೆ ಬಂದಿತ್ತು.

ಚಿಕ್ಕಬಳ್ಳಾಪುರದಲ್ಲಿ ಭಾನುವಾರವೂ ತೆರೆದಿದ್ದ ಒಂದು ಅಂಗಡಿಯಲ್ಲಿ ಹೊಸ ಪೈಪನ್ನೂ ಅದನ್ನು ಬಿಗಿಯುವ ಎರಡು ಕ್ಲಿಪ್ಪುಗಳನ್ನೂ ಕೊಂಡು, ಆಕೆಯೇ ಮನೆಯ ಮುಂದೆ ಕೂತು ಹಾಕಿದಳು. ಮೆಕ್ಯಾನಿಕ್ ಏರಿಸಿದ್ದ ತಿರುಪನ್ನು ಮತ್ತೆ ಇಳಿಸಿದಳು. ಎಂಜಿನ್ ಬಿಸಿಯಾಗುವವರೆಗೆ ಕಾದು, ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು. ಅದು ಆರಲಿಲ್ಲ.

ಸಂಜೆ ಅಣ್ಣ ಬಂದ. ರಜೆಯ ದಿನ ಬಂದು ಹೋಗುವುದು ಅವನ ರೂಢಿ. ಮೈಯಿಂದ ಗೂಡು ಬೇಯಿಸಿದ ವಾಸನೆ ಬರುತ್ತಿತ್ತು. ಸ್ನಾನ ಮಾಡಿದರೂ ಹೋಗದ ವಾಸನೆ ಅದು. ಚಿಂತಾಮಣಿಯಿಂದ ಯಾರೋ ತಂದುಕೊಟ್ಟ ಟೊಮೆಟೊವನ್ನು ಚೀಲ ತುಂಬ ತಂದಿದ್ದ. ಕಾಫಿ ಕುಡಿಯುತ್ತ, ತಾನು ಹಾಕಿದ ಕಟ್ಟು ಹೇಗಿದೆಯೆಂದು ಕೇಳಿದ. ಗಟ್ಟಿಯಾಗಿದೆ ಎಂದಳು. ನಾನು ಹೇಳಿರಲಿಲ್ಲವೇ ಎನ್ನುವಂತೆ ಅವನು ತಂಗಿಯ ಗಂಡನ ಕಡೆ ನೋಡಿದ. ನಾನು ಟೊಮೆಟೊಗಳನ್ನು ಬುಟ್ಟಿಗೆ ಸುರಿಯುವ ಕೆಲಸವನ್ನು ವಹಿಸಿಕೊಂಡೆ.

ಸೋಮವಾರ ನಾನು ಮತ್ತೆ ಹಿಂದಿನ ಸೀಟಿನಲ್ಲಿದ್ದೆ. ಮಂಚೇನಹಳ್ಳಿಯಲ್ಲಿ ಆ ದಿನ ನನಗೆ ಕೆಲಸವೇನೂ ಇರಲಿಲ್ಲ. ಮೊದಲ ಉಬ್ಬು ದಾಟಿತು. ಮುಂದಿನ ಹಳ್ಳಿಯಲ್ಲಿ ಬಸ್ಸೊಂದು ಅಡ್ಡ ನಿಂತಿದ್ದರಿಂದ ನಾವೂ ನಿಂತೆವು. ಒಳಗೆ ಎಲ್ಲರೂ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ಆಕೆ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು, ಬಲಗಾಲನ್ನು ಆಕ್ಸಿಲೇಟರಿನಿಂದ ಪೂರ್ತಿ ಹಿಂದಕ್ಕೆಳೆದುಕೊಂಡು, ಬಸ್ಸು ಸರಿಯುವವರೆಗೆ ಕಾದಳು. ಎಂಜಿನ್ ತಿರುಗುತ್ತಲೇ ಇತ್ತು. ಶಿಕ್ಷಕಿಯರಲ್ಲೊಬ್ಬರು ನನ್ನ ಮೊಣಕೈ ಒತ್ತಿದರು.

ಶಾಲೆಯ ಗೇಟಿನಲ್ಲಿ ಹಿರಿಯ ಮೇಷ್ಟ್ರು ಇಳಿದು ಮತ್ತೆ ಕಿಟಕಿಯ ಬಳಿ ಬಗ್ಗಿದರು. ಮಕ್ಕಳು ಆಗಷ್ಟೇ ಸಾಲುಗಟ್ಟುತ್ತಿದ್ದರು.

"ಸರಿ ಹೋಯ್ತಲ್ಲಮ್ಮ. ಯಾರ ಹತ್ರ ಮಾಡಿಸ್ದೆ?"

"ನಮ್ಮಣ್ಣ ಮಾಡ್ಕೊಟ್ಟ ಸಾರ್. ಶಿಡ್ಲಘಟ್ಟದಲ್ಲಿರೋದು."

"ನೋಡು, ಅದಕ್ಕೇ ಹೇಳೋದು. ಗಾಡಿ ಅಂದ್ಮೇಲೆ ಗಂಡಸರ ಕೈ ಒಂದ್ ಸಲ ಆಡಬೇಕು. ಇರಲಿ, ಮುಂದಿನ ತಿಂಗಳೂ ನೀನೇ ಬಾ."

ನಾನು ಬಾಯಿ ತೆರೆದದ್ದು ನಿಜ. ಆಕೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಈ ಸಲ ತಲೆ ಅಲ್ಲಾಡಿಸಲಿಲ್ಲ. ಸುಮ್ಮನೆ ನೋಡಿದಳು, ನಾನು ಹೇಳಿಬಿಟ್ಟರೂ ತಡೆಯಲು ತನ್ನಲ್ಲಿ ತ್ರಾಣವಿಲ್ಲ ಎಂಬಂತೆ. ನಾನು ಬಾಯಿ ಮುಚ್ಚಿದೆ. ಮೇಷ್ಟ್ರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸಾಲಿನ ಕಡೆ ನಡೆದರು.

ಬಾಡಿಗೆ ಉಳಿಯಿತು. ಆಮೇಲೆ ನಾನಿದ್ದಷ್ಟು ಕಾಲವೂ ಉಳಿದಿತ್ತು.

ಆ ಬೆಳಿಗ್ಗೆ ಆಕೆ ಕೂಡಲೇ ಹೊರಡಲಿಲ್ಲ. ಒಂದು ಹನಿ ಪೆಟ್ರೋಲನ್ನೂ ದಂಡ ಮಾಡದವಳು, ಎಂಜಿನ್ ಆರಿಸದೆ, ಗೇರ್ ಹಾಕದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಮುಂದೆಯೇ ಕೂತಿದ್ದಳು. ನಾನು ಹಿಂದಿನಿಂದ ಇಳಿದು ಮುಂದಿನ ಸೀಟಿಗೆ ಬಂದೆ. ಒಳಗೆ ಮಕ್ಕಳು ಪ್ರಾರ್ಥನೆ ಶುರುಮಾಡಿದರು. ಅದು ಮುಗಿಯುವವರೆಗೂ ನಮ್ಮಿಬ್ಬರ ಕಾಲ ಕೆಳಗೆ ಕಾರು ಸಣ್ಣಗೆ ಅದುರುತ್ತಿತ್ತು.